ನನ್ನದೇ ಬಟ್ಟೆಯ ತೇಪೆ

ಅಕ್ಕಾ,

ನಮಸ್ಕಾರ. ಈ ಊರಿನ ದೊಡ್ಡಾಸ್ಪತ್ರೆಯಲ್ಲಿ ಉಪ್ಪಿಲ್ಲದ ಊಟ ನುಂಗಿಕೊಂಡು ಕ್ಷೇಮವಾಗಿದ್ದೇನೆ. ಹೃದಯಾಘಾತದಲ್ಲಿ ಸತ್ತುಹೋದ ಸ್ನಾಯುವಿಗೆ ಇಲ್ಲಿ ತೇಪೆ ಹಾಕುತ್ತಾರಂತೆ. ಮೂವತ್ತು ವರ್ಷ ಟೈಲರ್ ಅಂಗಡಿ ನಡೆಸಿದವನು ಒಪ್ಪಿಗೆ ಪತ್ರಕ್ಕೆ ಸುಮ್ಮನೆ ಸಹಿ ಹಾಕುತ್ತೇನೆಯೇ? "ಯಾರ ಬಟ್ಟೆ ಡಾಕ್ಟ್ರೇ?" ಎಂದು ಕೇಳಿದೆ.

"ನಿಮ್ಮದೇ. ಕೆಲವು ತಿಂಗಳ ಹಿಂದೆ ನಿಮ್ಮಿಂದ ತಗೊಂಡ ರಕ್ತದಿಂದ ಸ್ಟೆಮ್ ಸೆಲ್, ಅಂದ್ರೆ ಮೂಲಕೋಶ ಮಾಡಿ, ಅದರಿಂದ ಹೃದಯದ ಸ್ನಾಯು ಬೆಳೆಸಿದ್ದು. ಬನ್ನಿ, ತೋರಿಸ್ತೀನಿ" ಎಂದು ಡಾಕ್ಟರಮ್ಮ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದರು.

ಗಾಜಿನ ತಟ್ಟೆಯಲ್ಲಿ ಗುಲಾಬಿ ಬಣ್ಣದ ನೀರು. ಅದರೊಳಗೆ ಅಂಗಿಯ ಜೇಬಿನಷ್ಟೂ ಇಲ್ಲದ ತೆಳ್ಳನೆಯ ತುಂಡೊಂದು ತನ್ನಷ್ಟಕ್ಕೆ ತಾನೇ ಮಿಡಿಯುತ್ತಿತ್ತು ಅಕ್ಕಾ! ನನ್ನಾಕೆ ಬಗ್ಗಿ ನೋಡಿ, "ನಿಮಗಿಂತ ಇದೇ ಚುರುಕಾಗಿದೆ ಕಣ್ರೀ" ಎಂದಳು.

"ಹೊಲಿದರೆ ನಿಲ್ಲುತ್ತಾ?" ಎಂದೆ.

"ಇದಿನ್ನೂ ಪ್ರಯೋಗ. ಖಾತ್ರಿ ಕೊಡೋಕಾಗಲ್ಲ" ಎಂದರು. ಮುಚ್ಚುಮರೆಯಿಲ್ಲದ ಆ ಮಾತಿಗೇ ನಂಬಿಕೆ ಬಂದು ಸಹಿ ಹಾಕಿದೆ.

ಆಪರೇಷನ್ ಯಾವಾಗ ಎಂದು ಕೇಳಿದರೆ, "ತುಂಡು ಸಿದ್ಧವಾದ ಹಾಗೇನೇ. ಸ್ವಲ್ಪ ಬಾಕಿ ಇದೆ. ಬುಧವಾರ ಅಂದಿದ್ವಲ್ಲ, ಶುಕ್ರವಾರ ಮಾಡೋಣ" ಎಂದರು. "ಕಾಜಾ-ಗುಂಡಿ ಒಂದೇ ಬಾಕಿ, ನಾಡಿದ್ದು ಬನ್ನಿ" ಎಂದು ಜನ್ಮವಿಡೀ ಗಿರಾಕಿಗಳನ್ನು ಅಲೆದಾಡಿಸಿದವನು ನಾನು. ಸರಿ ಎಂದು ತಲೆಯಾಡಿಸಿದೆ. ನನ್ನಾಕೆ ಗೋಡೆ ಹಿಡಿದುಕೊಂಡು ನಕ್ಕಳು ನೋಡು! ನನಗೆ ಎದೆನೋವು ಬಂದ ದಿನದಿಂದ ಅವಳು ನಕ್ಕಿರಲೇ ಇಲ್ಲ.

ನರ್ಸಮ್ಮ ಬಂದರು, ಪೆನ್ನು ಅವರದು; ಇಲ್ಲಿಗೇ ನಿಲ್ಲಿಸುತ್ತೇನೆ.

ನಿನ್ನ ತಮ್ಮ