ಗೌರಿ ಹಬ್ಬದ ನಾಲ್ಕು ಐವತ್ತೆರಡು

ಬೆಟ್ಟದಪುರ
೮ ಜನವರಿ ೨೦೨೬, ಗುರುವಾರ

ಪ್ರೀತಿಯ ರಘಣ್ಣಾ,

ಮೈ ಹುಷಾರಾಗಿದೆಯಾ? ನಿಮ್ಮ ಯೂನಿಟ್ ಇರುವ ಕಡೆ ಹಿಮ ಬೀಳುತ್ತಿದೆ ಎಂದು ಟಿವಿಯಲ್ಲಿ ನೋಡಿದಾಗಿನಿಂದ ಅವ್ವ ಹಂಡೆ ನೀರಿಗೆ ಕೈಯಿಡುವಾಗಲೆಲ್ಲ ನಿನ್ನನ್ನೇ ನೆನೆಸಿಕೊಳ್ಳುತ್ತಾಳೆ. ಕಳಿಸಿದ ಹುರುಳಿ ಚಟ್ನಿಪುಡಿ ತಲುಪಿತೋ, ನಡುದಾರಿಯಲ್ಲೇ ಯಾರಾದರೂ ಡಬ್ಬ ಬಿಚ್ಚಿದರೋ? ನಗಬೇಡ. ಈಗ ನನಗೆ ಪೋಸ್ಟ್‌ಮ್ಯಾನ್ ಮೇಲೂ ಅನುಮಾನ. ನಿನ್ನ ಸೋದರಳಿಯ ಚಿನ್ನು ದಿನಾ ನಿನ್ನ ಫೋಟೋಗೆ ಸೆಲ್ಯೂಟ್ ಹೊಡೆಯುತ್ತಾನೆ, ಅದೂ ಎಡಗೈಯಲ್ಲಿ.

ಭಾನುವಾರದ ಫೋನಿನಲ್ಲಿ ನಿನಗೆ ಸಿಗುವುದು ಎರಡು ನಿಮಿಷ, ಪಕ್ಕದಲ್ಲಿ ಅಪ್ಪ ಕಿವಿಗೊಟ್ಟು ನಿಂತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ತಂಗಿ ಪುಟ್ಟಿಯ ನರ್ಸಿಂಗ್ ಫೀಸಿಗೆಂದು ಅಪ್ಪ ತಂಬಾಕು ಮಾರಿದ ದುಡ್ಡನ್ನು ನಿನ್ನ ಕೈಗೆ ಕೊಟ್ಟರು. ನೀನು ಬೆಳೆಯುತ್ತದೆ ಎಂದು ಅದರಲ್ಲಿ ಕ್ರಿಪ್ಟೊ ಕಾಯಿನ್ ಕೊಂಡೆ. ಹೋಗಲಿ, ಅದಕ್ಕೆ ನಾನು ಬೈಯಲಿಲ್ಲ. ಆದರೆ ಹೋದ ತಿಂಗಳು ಅಪ್ಪ ಫೀಸು ಕಟ್ಟಬೇಕು ಎಂದಾಗ ನೀನು ಏನೆಂದೆ? ಕಾಯಿನ್ ಒಂದೂ ಉಳಿದಿಲ್ಲ, ಯಾರೋ ಬೇರೆ ಕಡೆಗೆ ಕಳಿಸಿಬಿಟ್ಟಿದ್ದಾರೆ, "ರಜೇಲಿ ಬಂದಾಗ ರಾತ್ರಿ ಹೊತ್ತು ನನ್ನ ಫೋನು ಮಾದೇಶನ್ ಹತ್ರ ಇರ್ತಿತ್ತು, ನಾನು ಇನ್ನೇನೂ ಹೇಳಲ್ಲ." ಹೇಳುವುದನ್ನೆಲ್ಲ ಹೇಳಿ ಇನ್ನೇನೂ ಹೇಳಲ್ಲ ಎನ್ನುವುದು ನಿನ್ನ ಹಳೇ ಚಾಳಿ. ನನ್ನ ಗಂಡನ ಹೆಸರು ಅದು, ಅಣ್ಣ. ಅಂದಿನಿಂದ ಅವರು ಚಿನ್ನುವಿಗೆ ಒಂದು ಬಿಸ್ಕತ್ತು ತಂದರೂ ಇದಕ್ಕೆ ದುಡ್ಡೆಲ್ಲಿಂದ ಬಂತು ಎಂದು ಮನಸ್ಸು ಕೇಳುತ್ತಿತ್ತು.

ಮಿಲಿಟರಿ ಯೂನಿಟ್ಟಿನಲ್ಲಿ ಬಿಡುವುದಿಲ್ಲವೆಂದು ನೀನು ಬಿಟ್ಟುಹೋದ ಫೋನು ಬೀರುವಿನಲ್ಲೇ ಇತ್ತು. ಅದರ ಲಾಕ್ ತೆಗೆಯುವ ನಂಬರು ಚಿನ್ನು ಹುಟ್ಟಿದ ದಿನ ಎಂದು ನನಗೂ ಗೊತ್ತು, ಇವರಿಗೂ ಗೊತ್ತು. ಕಾಯಿನ್ ಆ್ಯಪ್ ತೆಗೆದರೆ ಮೂರು ತಿಂಗಳಿನದು ಮಾತ್ರ ಕಾಣುತ್ತದೆ. ಹಳೆಯದು ಸಿಗಲ್ಲ ಎಂದು ನೀನೂ ಹೇಳಿದ್ದೆ. ನಾನು ಸುಮ್ಮನಿರುವವಳೇ? ಪಿರಿಯಾಪಟ್ಟಣದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಲಿಂಗರಾಜು ಹತ್ತಿರ ಮಂಗಳವಾರ ಆ ಫೋನು ಹಿಡಿದುಕೊಂಡು ಹೋದೆ. ಅವನ ಬಳಿ ಒಂದು ಸಾಫ್ಟ್‌ವೇರ್ ಇದೆ. ನೀನು ಕಾಯಿನ್ ಕೊಂಡ ಎಕ್ಸ್‌ಚೇಂಜಿನಿಂದ ಒಂದು ಕೀ ತೆಗೆದು ಅದಕ್ಕೆ ಕೊಟ್ಟರೆ, ಖಾತೆ ತೆರೆದ ದಿನದಿಂದ ಕೊಂಡದ್ದು, ಮಾರಿದ್ದು, ಹೊರಗೆ ಕಳಿಸಿದ್ದು ಎಲ್ಲವನ್ನೂ ಎಳೆದು ತಂದು ಹಾಳೆಯಲ್ಲಿ ಹಾಕುತ್ತದೆ. ಕೀ ಎಂದರೆ ಮಾರುದ್ದದ ಅಕ್ಷರ. ಕೀ ಕೊಟ್ಟ ಮೇಲೆ ಬೀಗ ಯಾಕೆ ಎಂದು ಕೇಳಿದೆ. "ಇದು ನೋಡಕ್ ಮಾತ್ರ ಕಣಕ್ಕ, ಎತ್ತಕ್ಕಾಗಲ್ಲ" ಎಂದ. ನಂಬುತ್ತೇನೆಯೇ! ಕೆಲಸ ಮುಗಿದ ಮೇಲೆ ಆ ಕೀಯನ್ನು ನನ್ನ ಕಣ್ಣೆದುರೇ ಅಳಿಸಿಹಾಕಿಸಿದೆ, ಅವನು ಬುಟ್ಟಿಗೆ ಹಾಕಿದ ಚೀಟಿಯನ್ನೂ ಎತ್ತಿಕೊಂಡೆ. ಯಾಕಕ್ಕ ಇದೆಲ್ಲ ಎಂದು ಅವನು ಕೇಳಿದರೂ ಬಾಯಿ ಬಿಡಲಿಲ್ಲ. ಪ್ರಿಂಟು ಮಡಚಿ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದು ಹಾಳೆ ಬಿಚ್ಚಿ ನೋಡಿದೆ, ಅಣ್ಣ. ಕಾಯಿನ್ ಹೊರಗೆ ಹೋಗಿರುವುದು ಒಂದೇ ದಿನ, ನೀನು ರಜೆಯಲ್ಲಿದ್ದ ಗೌರಿ ಹಬ್ಬದ ದಿನ. ಮೂರು ಸಲ: ಬೆಳಗಿನ ನಾಲ್ಕು ಐವತ್ತೆರಡು, ನಾಲ್ಕು ಐವತ್ತೆಂಟು, ಐದು ಗಂಟೆ ಆರು ನಿಮಿಷ. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಎಚ್ಚರವಿದ್ದವರು ಒಬ್ಬರೇ. ತಂಬಾಕು ಬೇಯಿಸುವ ಬ್ಯಾರನ್ ಮುಂದೆ ಬೆಂಕಿ ನೋಡುತ್ತ ಕೂತಿದ್ದ ನನ್ನ ಗಂಡ. ಟಾರ್ಚಿಗೆಂದು ಇಸಿದುಕೊಂಡ ನಿನ್ನ ಫೋನು ಅವರ ಜೇಬಿನಲ್ಲಿತ್ತು.

ಪ್ರಿಂಟನ್ನು ಅವರ ತಟ್ಟೆಯ ಪಕ್ಕ ಇಟ್ಟೆ. "ನಾನು ಬಿಸಿ ನೋಡ್ತಾ ಕುಂತಿದ್ದೆ ಕಣಮ್ಮಿ, ನಂಗೆ ಆ ಆ್ಯಪ್ಪು ಎಲ್ಲದೆ ಅಂತ್ಲೂ ಗೊತ್ತಿಲ್ಲ" ಎಂದರು. ನಾನು ಆಡಬಾರದ್ದನ್ನು ಆಡಿದೆ. ಮೂರು ವರ್ಷದಿಂದ ಈ ಮನೆಯಲ್ಲಿದ್ದು ನಮ್ಮಪ್ಪನ ಹೊಲ ಉಳುತ್ತಿದ್ದೀರಲ್ಲ, ಅದರ ಕೂಲಿ ಹೀಗೆ ಎತ್ತಿಕೊಂಡಿರಾ ಎಂದೆ. ಅವರು ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆದರು. ನಿನ್ನೆ ಬೆಳಿಗ್ಗೆ ಮಿರ್ಲೆಗೆ, ಅವರಮ್ಮನ ಮನೆಗೆ ಹೋದರು. ಚಿನ್ನು ಅಪ್ಪಾ ಎಂದು ರಸ್ತೆವರೆಗೂ ಓಡಿದ. ನಾನು ಕರೆಯಲಿಲ್ಲ. ನಿನ್ನ ಮಾತು ನಿಜವಾಯಿತು. ಸಂಕ್ರಾಂತಿಗೂ ಈ ಹೊಸಲು ತುಳಿಯುವುದು ಬೇಡ ಎಂದು ಅಪ್ಪನೇ ಹೇಳಿಕಳಿಸಿದ್ದಾರೆ.

ನೀನು ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಅವ್ವ ನಿನ್ನ ಹೆಸರಿನಲ್ಲಿ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದ್ದಾಳೆ, ಮನೆಯವರೆಲ್ಲ ಕೆಮ್ಮಿದೆವು.

ನಿನ್ನ ತಂಗಿ,
ರಾಣಿ

ಮತ್ತೆ: ಶುಕ್ರವಾರ, ಪಿರಿಯಾಪಟ್ಟಣದ ಪೋಸ್ಟಾಫೀಸು. ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಕಾಗದ ಹಾಕಲು ಬಂದವಳು ಅಪ್ಪನಿಗೆ ಇನ್ನೊಂದು ಪ್ರಿಂಟು ಬೇಕೆಂದು ಲಿಂಗರಾಜು ಹತ್ತಿರ ಹೋದೆ. ಬೆಳಗಿನ ಜಾವ ಕದ್ದಿದ್ದಾರೆ ನೋಡು ಎಂದು ಬಾಯಿ ಜಾರಿತು. "ಅಯ್ಯೋ, ಅದು ನಮ್ ಟೈಮಲ್ಲ ಕಣಕ್ಕ. ಸಾಫ್ಟ್‌ವೇರು ಪರದೇಶದ ಗಡಿಯಾರದಲ್ಲಿ ಬರೀತದೆ. ಐದೂವರೆ ಗಂಟೆ ಸೇರ್ಸ್ಕಬೇಕು" ಎಂದ. ಮಂಗಳವಾರವೇ ನಾನು ಬಾಯಿ ಬಿಟ್ಟಿದ್ದರೆ ಅಂದೇ ಹೇಳುತ್ತಿದ್ದ.

ಸೇರಿಸಿದೆ. ಬೆಳಿಗ್ಗೆ ಹತ್ತು ಇಪ್ಪತ್ತೆರಡು, ಹತ್ತು ಇಪ್ಪತ್ತೆಂಟು, ಹತ್ತು ಮೂವತ್ತಾರು. ಆ ದಿನ ಇವರು ಎಂಟು ಗಂಟೆಗೇ ಅತ್ತೆಯನ್ನು ಕರೆತರಲು ಮಿರ್ಲೆಗೆ ಹೋಗಿದ್ದರು. ನಿನ್ನ ಫೋನು ಈಗ ನನ್ನ ಬ್ಯಾಗಿನಲ್ಲೇ ಇದೆ. ಅದರಲ್ಲಿ ಗೌರಿ ಹಬ್ಬದ ಫೋಟೋ ಹುಡುಕಿ ನೋಡಿದೆ. ನೀನು ಕೊಟ್ಟ ಬಾಗಿನ ಹಿಡಿದುಕೊಂಡು ನಾನು ನಗುತ್ತಿದ್ದೇನೆ. ತೆಗೆದವನು ನೀನು. ಹೊತ್ತು ಹತ್ತು ಮೂವತ್ತೊಂದು.

ಎರಡು ಸಲ ಕಳಿಸಿ, ನನ್ನ ಫೋಟೋ ತೆಗೆದು, ಆಮೇಲೆ ಉಳಿದದ್ದನ್ನೂ ಕಳಿಸಿದೆಯಾ, ಅಣ್ಣ?

ಮೇಲೆ ಬರೆದದ್ದನ್ನು ಹರಿದು ಹಾಕುವುದಿಲ್ಲ. ನಿನ್ನ ಮಾತು ನಂಬಿ ನಾನು ಏನೇನು ಆಡಿದೆ ಎಂದು ನೀನೂ ಓದಬೇಕು. ಮಿರ್ಲೆ ಬಸ್ಸಿಗೆ ಹತ್ತು ನಿಮಿಷ ಇದೆ. ನಾನೇ ಹೋಗಿ ಕರೆದರೂ ಅವರು ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಈ ಕಾಗದ ತಲುಪಿದ ಮೇಲೆ ಭಾನುವಾರ ಫೋನು ಮಾಡಿದಾಗ ಹಿಮದ ಕತೆ ಹೇಳಬೇಡ. ಅಪ್ಪ ಪಕ್ಕದಲ್ಲೇ ನಿಂತಿರುತ್ತಾರೆ, ನಿನ್ನ ಬಾಯಿಂದಲೇ ಹೇಳು.