ಒಣ ಮರದ ಹೊಟ್ಟು

ಕಾರ್ಖಾನೆ ವಸತಿ, ಎರಡನೇ ಸಾಲು
೧೪ನೇ ತಾರೀಖು, ಗುರುವಾರ

ಪ್ರೀತಿಯ ಅಪ್ಪಾ,

ಕೆಮ್ಮು ಹೇಗಿದೆ? ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಲ್ಲುತ್ತೀಯಾ? ಡಾಕ್ಟರು ಊದಲು ಕೊಟ್ಟ ಕೊಳವೆಯನ್ನು ನೀನು ದಿಂಬಿನ ಕೆಳಗೆ ಬಚ್ಚಿಟ್ಟಿರುವುದನ್ನು ಹೋದ ಭಾನುವಾರ ಅಮ್ಮ ನೋಡಿ ಬಂದಳು. ಮಗುವಿನ ಹಾಗೆ ಆಡಬೇಡ, ಊದು. ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ.

ಇಪ್ಪತ್ತಾರು ವರ್ಷ ನೀನು ಈ ಬಾಯ್ಲರಿಗೆ ಕಲ್ಲಿದ್ದಲು ಉಣಿಸಿದೆ, ಅದು ನಿನ್ನ ಎದೆಯನ್ನೇ ತಿಂದಿತು. ಅದಕ್ಕೇ ನಾನು ಮರ ಉರಿಸುವುದರ ಬಗ್ಗೆ ಅಚ್ಚಾದ ಕರಪತ್ರಗಳನ್ನು ಹಿಡಿದು ನಾಲ್ಕು ತಿಂಗಳು ಮ್ಯಾನೇಜರ್ ಬಾಗಿಲು ಕಾದೆ. ಸಾಮಿಲ್ಲಿನ ಹಿಂದೆ ಕೊಳೆಯುವ ಚಕ್ಕೆ, ತುಂಡು, ಹೊಟ್ಟನ್ನು ಜೊತೆಗೆ ಉರಿಸಿದರೆ ಅಷ್ಟು ಕಲ್ಲಿದ್ದಲು ಕಡಿಮೆ ಸಾಕು ಎಂದು ವಾದಿಸಿದೆ. ಕೊನೆಗೆ ಅವರು, 'ಹಾಳಾಗಿ ಹೋಗಲಿ, ಎರಡನೇ ಬಾಯ್ಲರಿನಲ್ಲಿ ನೋಡೋಣ' ಅಂದರು. ಹತ್ತು ಬುಟ್ಟಿ ಕಲ್ಲಿದ್ದಲಿಗೆ ಎರಡು ಬುಟ್ಟಿ ಮರ. ಮೊಳೆ ಕೀಳುವುದು, ಬಣ್ಣ ಬಳಿದ ತುಂಡುಗಳನ್ನು ಬೇರೆ ಹಾಕುವುದು ನನ್ನ ಕೆಲಸ. ಒಲೆಗೆ ಹಾಕುವುದು ಚಿಕ್ಕಪ್ಪ. ಹೊಗೆ ತೆಳ್ಳಗಾದ ದಿನ ನಾನು ಅಂಗಳದಲ್ಲಿ ಕುಣಿದಾಡಿದೆ. ಚಿಕ್ಕಪ್ಪ, 'ಬಾರಮ್ಮ ಕರಪತ್ರ, ಚಿಮಣಿಗೂ ಒಂದು ಭಾಷಣ ಬಿಗಿದು ಹೋಗು' ಅಂದ.

ಅವನು ಹೊಟ್ಟನ್ನು ಒಲೆಗೆ ಎಸೆಯುವ ಮುನ್ನ ಬುಟ್ಟಿಗೆ ಎರಡು ಚೊಂಬು ನೀರು ಚಿಮುಕಿಸಿ ಕಲೆಸುತ್ತಿದ್ದ. ಸಾಮಿಲ್ಲಿನ ಹಳೇ ಕೆಲಸಗಾರರು ಹೇಳಿಕೊಟ್ಟದ್ದಂತೆ. ನಾನು ಕರಪತ್ರ ಬಿಡಿಸಿ ತೋರಿಸಿದೆ: ಹಸಿ ಮರ ಉರಿಸಿದರೆ ಅರ್ಧ ಶಾಖ ನೀರು ಒಣಗಿಸುವುದಕ್ಕೇ ಹೋಗುತ್ತದೆ. ಸ್ಟೀಮ್ ಇಳಿದರೆ ಮ್ಯಾನೇಜರ್ ಅದನ್ನೇ ನೆಪ ಮಾಡಿ ನಿಲ್ಲಿಸುತ್ತಾರೆ, ನೀರು ಹಾಕಲೇಬೇಡ ಎಂದು ಹಟ ಹಿಡಿದೆ. 'ಒಣ ಹೊಟ್ಟು ಹಾರುತ್ತೆ ಕಣೇ, ಒಲೆ ಬಾಯಲ್ಲೇ ಹೊತ್ಕೊಳ್ಳುತ್ತೆ' ಅಂದ. ನಾನು ಬಿಡಲಿಲ್ಲ. 'ಆಯ್ತು ಮಹಾತಾಯಿ, ಅಚ್ಚಾಗಿ ಬಂದದ್ದರ ಮುಂದೆ ನಮ್ಮದೇನು' ಎಂದು ಚೊಂಬನ್ನು ಮೂಲೆಯಲ್ಲಿ ಕವುಚಿಟ್ಟ.

ಅದೇ ದಿನ, ಮೊನ್ನೆ ಸೋಮವಾರ, ಮಧ್ಯಾಹ್ನ ಸಲಿಕೆಯಲ್ಲಿ ಎಸೆದ ಹೊಟ್ಟು ಒಳಗೆ ಬೀಳುವ ಮೊದಲೇ ಗಾಳಿಯಲ್ಲಿ ಭಗ್ಗೆಂದು ಹೊತ್ತಿ ಅವನ ಮೇಲೆ ಬಂತು. ಗಾಬರಿಯಾಗಬೇಡ ಅಪ್ಪಾ, ಕಣ್ಣುಗಳು ಉಳಿದಿವೆ. ಹುಬ್ಬುಗಳಿಲ್ಲ. ಎರಡೂ ಕೈ ಮೊಣಕೈವರೆಗೆ ಸುಟ್ಟಿವೆ, ಅಮ್ಮ ತುತ್ತು ಮಾಡಿ ಉಣಿಸುತ್ತಾಳೆ. ನಾನು ಕರಪತ್ರವನ್ನು ಮತ್ತೆ ಓದಿದೆ. ಅದು ದಿಮ್ಮಿಗಳ ಬಗ್ಗೆ ಬರೆದದ್ದು, ಹೊಟ್ಟಿನ ಮಾತೇ ಅದರಲ್ಲಿಲ್ಲ. ಇಲ್ಲದ್ದನ್ನು ಓದಿದ ಹಾಗೆ ಹೇಳಿದವಳು ನಾನು.

ನಿನ್ನೆ ವಿಚಾರಣೆ ಆಯಿತು. ದಿನಾ ನೀರು ಹಾಕುತ್ತಿದ್ದವನು ಅವತ್ತೇಕೆ ಹಾಕಲಿಲ್ಲ ಎಂದು ಮ್ಯಾನೇಜರ್ ಕೇಳಿದರು. ಚಿಕ್ಕಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. 'ವಯಸ್ಸಾಯ್ತಲ್ಲ ಸಾರ್, ಮರೆತೆ' ಅಂದ. ಅವನದೇ ಅಜಾಗರೂಕತೆ ಎಂದು ಬರೆದುಕೊಂಡರು. ಹಾಗೆ ಬರೆದ ಮೇಲೆ ಪರಿಹಾರವಿಲ್ಲ, ಕೈ ವಾಸಿಯಾದರೂ ಕೆಲಸವಿಲ್ಲ. ಗೇಟಿನ ಮುಂದೆ ನ್ಯಾಯ, ನ್ಯಾಯ ಎಂದು ಗಂಟಲು ಹರಿದುಕೊಳ್ಳುವ ನಾನು ಬಾಯಿಗೆ ಬೀಗ ಜಡಿದುಕೊಂಡು ನಿಂತಿದ್ದೆ. ಮರ ಉರಿಸುವುದು ತಪ್ಪಲ್ಲ ಎಂದು ಈಗಲೂ ನಂಬಿದ್ದೇನೆ. ಆದರೆ ನಿನ್ನೆಯಿಂದ ಒಂದು ಕರಪತ್ರವನ್ನೂ ಮುಟ್ಟಲು ಮನಸ್ಸಿಲ್ಲ. ಬಹಳ ದಣಿವಾಗಿದೆ ಅಪ್ಪಾ.

ಔಷಧಿ ತಪ್ಪಿಸಬೇಡ. ಪಕ್ಕದ ಮಂಚದ ತಾತನಿಗೆ ನನ್ನ ನಮಸ್ಕಾರ ಹೇಳು, ಪಾಪ, ಅವರಿಗೆ ಇಸ್ಪೀಟಿನಲ್ಲಿ ಮೋಸ ಮಾಡಬೇಡ.

ನಿನ್ನ ಜಗಳಗಂಟಿ ಮಗಳು

ಇನ್ನೊಂದು ಮಾತು: ಅಂಚೆ ಚೀಲ ಕಟ್ಟುವ ಹೊತ್ತಾಯಿತು. ಇವತ್ತು ಬೆಳಿಗ್ಗೆ ಆಫೀಸಿಗೆ ಹೋಗಿ, ನೀರು ಹಾಕಬೇಡವೆಂದವಳು ನಾನೇ ಎಂದು ಬರೆದು ಸಹಿ ಮಾಡಿ ಕೊಟ್ಟೆ. ನನ್ನ ಕೆಲಸ ಹೋಗುವುದು ಖಂಡಿತ. ಚಿಕ್ಕಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅದನ್ನು ವಾಪಸು ತೆಗೆದುಕೋ ಎಂದು ನಿನ್ನಿಂದಲೇ ನನಗೆ ಹೇಳಿಸಬೇಕೆಂದು ಅಮ್ಮನ ಕೈಲಿ ನಿನಗೆ ಕಾಗದ ಬರೆಸಿದ್ದಾನೆ. ಅದೂ ಇದೂ ಎರಡೂ ಕಾಗದ ಒಟ್ಟಿಗೇ ನಿನ್ನ ಕೈ ಸೇರುತ್ತವೆ. ನೀನು ಹೇಳಿಬಿಟ್ಟರೆ ನಾನು ಮೀರಲಾರೆ. ಅದಕ್ಕೇ ಬೇಡಿಕೊಳ್ಳುತ್ತಿದ್ದೇನೆ, ಹೇಳಬೇಡ ಅಪ್ಪಾ.