ನನ್ನ ಬುಟ್ಟಿಯ ಮಣ್ಣು

ಪ್ರೀತಿಯ ಅಕ್ಕ,

ನಮ್ಮೂರು ಗಾಲ್ವೆಗೆ ದೋಣಿ ಹೊರಡುವುದರೊಳಗೆ ಬರೆದು ಮುಗಿಸಬೇಕು. ಈ ದ್ವೀಪವೆಲ್ಲ ಬರೀ ಬಂಡೆ. ಮದುವೆಯಾಗಿ ಬಂದ ಮೇಲೆ ಮೂರು ಚಳಿಗಾಲ ಮರಳು, ಕಡಲಪಾಚಿ ಹೊತ್ತು ತಂದು, ಬಂಡೆಯ ಮೇಲೆ ಹರವಿ, ಆಲೂಗಡ್ಡೆಗೆ ಒಂದು ತುಂಡು ಹೊಲ ಮಾಡಿಕೊಂಡೆ. ಪಕ್ಕದ ಮನೆಯ ಮುದುಕ ಬಾರ್ಟ್ಲಿ ದಿನಾ ಗೋಡೆಯಾಚೆ ನಿಂತು, "ಏನಮ್ಮಾ ಗಾಲ್ವೆಯೋಳೇ, ನಿನ್ನ ಐರಿಷ್ ಮಾತಿನ ಹಾಗೇ ನಿನ್ನ ಮಣ್ಣೂ ತೆಳ್ಳಗಿದ್ಯಲ್ಲ! ಕೋಳಿ ಕೆದರಿದ್ರೆ ಬಂಡೆ ಕಾಣುತ್ತೆ," ಎಂದು ಛೇಡಿಸುತ್ತಿದ್ದ.

ಮಂಗಳವಾರ ಅವನು ತೀರಿಕೊಂಡ. ಇಲ್ಲಿ ಗೋರಿ ಮುಚ್ಚುವಷ್ಟು ಮಣ್ಣು ಸಿಗುವುದಿಲ್ಲ, ಆದ್ದರಿಂದ ಪ್ರತಿ ಮನೆಯವರೂ ತಮ್ಮ ಹೊಲದಿಂದ ಒಂದೊಂದು ಬುಟ್ಟಿ ತರುತ್ತಾರೆ. ಹೊರಗಿನವಳನ್ನು ಯಾರು ಕೇಳುತ್ತಾರೆಂದು ಸುಮ್ಮನಿದ್ದೆ. ಅವನ ಹೆಂಡತಿ ನಾಪ್ಲಾ ತಾನೇ ಬಾಗಿಲಿಗೆ ಬಂದಳು.

"ಬುಟ್ಟಿ ಎತ್ಕೊಳ್ಳೇ. ನಿಂದೇ ಮೊದಲು ಬೀಳ್ಲಿ. ಅಷ್ಟು ಆಡ್ಕೊಂಡ್ನಲ್ಲ, ಈಗ ಅದನ್ನೇ ಹೊದ್ಕೊಂಡು ಮಲಗ್ಲಿ," ಎಂದಳು. ನಗುತ್ತಲೇ ಅಳುತ್ತಿದ್ದಳು.

ನನ್ನ ಕೆಮ್ಮು ವಾಸಿಯಾಗಿದೆ, ಔಷಧಿ ಕಳಿಸಬೇಡ. ಅಂಬಿಗ ಕೂಗುತ್ತಿದ್ದಾನೆ. ಮತ್ತೆ ಅಕ್ಕ, ಅಪ್ಪನ ಗೋರಿಯ ಪಕ್ಕ ನನಗೆಂದು ಉಳಿಸಿರುವ ಜಾಗವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು.

ನಿನ್ನ ತಂಗಿ,
ಎತ್ನಾ